ಅಂಗಳದಲ್ಲೇ ನಿಂತ ಅಕ್ಕ

ಲಿಲ್ಲಿ ನನ್ನ ಹತ್ತಿರ ಸಲಹೆಗೆ ಬಂದವರು. ಕರಾವಳಿಯ ಕಥೊಲಿಕ ಮನೆಯವರು, ವಯಸ್ಸು 46. ಹೆಸರು, ವಿವರ ಬದಲಿಸಿದ್ದೇನೆ. ಮಂಡಿನೋವಿನ ಅಮ್ಮನನ್ನು ವರ್ಷಗಟ್ಟಲೆ ನೋಡಿಕೊಂಡವರು ಇವರೇ. ದುಬೈಗೆ ಹೋಗಿ ಸಾಲ ಮಾಡಿಕೊಂಡ ತಮ್ಮ ಒಂದು ದಿನ ವಾಪಸ್ ಬಂದ. ಅಮ್ಮ ಖುಷಿಯಿಂದ ಸಾಕಿದ ಹುಂಜ ಕೊಯ್ಯಿಸಿದರು. ಸಾರು ಮಾಡಿದ್ದು ಲಿಲ್ಲಿ. ಅಂದಿನಿಂದ ನಿದ್ದೆ ಇಲ್ಲ. ಸಿಟ್ಟು ಬಂದದ್ದಕ್ಕೇ ಚರ್ಚಿನಲ್ಲಿ ಪಾದ್ರಿಯ ಮುಂದೆ ಮತ್ತೆ ಮತ್ತೆ ಪಾಪನಿವೇದನೆ.

"ನನ್ನ ಮನಸ್ಸೇ ಕೆಟ್ಟದ್ದು ಮೇಡಂ," ಅಂದರು.

ಬೈಬಲಿನಲ್ಲಿ ಲೂಕ ಬರೆದ ಭಾಗದ 15ನೇ ಅಧ್ಯಾಯದ ತಪ್ಪಿಹೋದ ಮಗನ ಕಥೆ ಅವರಿಗೆ ಬಾಯಿಪಾಠ. ಆಸ್ತಿಯ ಪಾಲು ಪಡೆದು ಹೋಗಿ ಎಲ್ಲ ಕಳೆದುಕೊಂಡ ಕಿರಿಯ ಮಗ ವಾಪಸ್ ಬರುತ್ತಾನೆ, ಅಪ್ಪ ಔತಣ ಮಾಡಿಸುತ್ತಾನೆ, ಮನೆಯಲ್ಲೇ ದುಡಿದ ಹಿರಿಯ ಮಗ ಸಿಟ್ಟಾಗಿ ಹೊರಗೇ ನಿಲ್ಲುತ್ತಾನೆ. "ಓದುವಾಗ ನೀವು ಅದರಲ್ಲಿ ಯಾರು?" ಎಂದು ಕೇಳಿದೆ.

"ತಪ್ಪಿಹೋದವನು. ಮತ್ಯಾರು?"

ಮನೆ ಬಿಟ್ಟು ಎಲ್ಲಿಗೂ ಹೋಗದ ಹೆಣ್ಣುಮಗಳು! ನನಗೆ ಸಂಕಟವಾಯಿತು.

ಕಥೆಯೊಳಗೆ ಹೋಗಿ ನಿಲ್ಲುವುದು ಹಳೆಯ ಅಭ್ಯಾಸ. 1548ರಲ್ಲಿ ಅಚ್ಚಾದ ಸಂತ ಇಗ್ನೇಷಿಯಸ್ ಲೊಯೋಲಾರ ಧ್ಯಾನದ ಪುಸ್ತಕದಲ್ಲೂ ಇದೆ: ಜನರನ್ನು ನೋಡು, ಅವರ ಮಾತು ಕೇಳು, ಏನು ಮಾಡುತ್ತಾರೆ ಗಮನಿಸು.

"ಈ ಸಲ ಹಿರಿಯ ಮಗನಾಗಿ," ಅಂದೆ. "ಹೊಲದಿಂದ ಬರ್ತಿದ್ದೀರಿ. ಕಾಲೆಲ್ಲ ಧೂಳು. ಮನೆಯೊಳಗೆ ಹಾಡು, ಕುಣಿತ. ನಿಮಗೆ ಯಾರೂ ಹೇಳಿಲ್ಲ." ಜೋರಾಗಿ ಓದತೊಡಗಿದರು. ನನಗೆ ಒಂದು ಆಡಿನ ಮರಿಯನ್ನೂ ಕೊಡಲಿಲ್ಲ ಎನ್ನುವ 29ನೇ ವಚನದಲ್ಲಿ ಗಂಟಲು ಕಟ್ಟಿತು. ಅಲ್ಲಿಗೇ ನಿಲ್ಲಿಸಿದೆವು. ಅವತ್ತೇ ಕ್ಷಮೆಯ ಮಾತು ಎತ್ತಿದ್ದರೆ ತಪ್ಪಾಗುತ್ತಿತ್ತು.

ಮುಂದಿನ ವಾರ ಅಪ್ಪನಾಗಿ ಓದಿದರು. "ಅಪ್ಪ ಇವನನ್ನೂ ಕರೆಯೋಕೆ ಹೊರಗೆ ಬಂದ ಅಲ್ವಾ? ನನ್ನಮ್ಮ ಬರಲಿಲ್ಲ." ಇನ್ನೊಂದನ್ನೂ ಅವರೇ ಕಂಡುಕೊಂಡರು. ಹಿರಿಯವನು 'ನನ್ನ ತಮ್ಮ' ಅನ್ನುವುದಿಲ್ಲ, 'ಈ ನಿನ್ನ ಮಗ' ಅನ್ನುತ್ತಾನೆ. ಲಿಲ್ಲಿಯೂ ಅಮ್ಮನ ಹತ್ತಿರ 'ನಿಮ್ಮ ಮಗ' ಅಂತಲೇ ಹೇಳುತ್ತಿದ್ದರಂತೆ.

ನಾನು ಕೊಟ್ಟ ಸಲಹೆ ಇಷ್ಟು. ಹಗಲಲ್ಲಿ 15 ನಿಮಿಷ, ಒಂದು ದಿನಕ್ಕೆ ಒಂದೇ ಪಾತ್ರ. ಕಂಡದ್ದನ್ನು ಎರಡು ಸಾಲು ಬರೆಯಿರಿ. ಎದೆ ಭಾರವಾದರೆ ಪುಸ್ತಕ ಮುಚ್ಚಿಬಿಡಿ. ಹಿಂಸೆ ಅನುಭವಿಸಿದವರು ಹಿಂಸೆಯ ಕಥೆಗಳನ್ನು ಹೀಗೆ ಒಬ್ಬರೇ ಓದಬಾರದು. ಅಮ್ಮನಿಗೆ ನೇರವಾಗಿ ಹೇಳಿ: "ಅಮ್ಮಾ, ನಂಗೂ ನೋವಾಗಿದೆ." ವಾರಕ್ಕೆ ಎರಡು ರಾತ್ರಿ ಅಮ್ಮನ ಜವಾಬ್ದಾರಿ ತಮ್ಮನದು. ನಿದ್ದೆ ಹೀಗೇ ಕೆಟ್ಟರೆ ಡಾಕ್ಟರ ಹತ್ತಿರ ಹೋಗಿ, ಅದು ನಂಬಿಕೆಯ ಕೊರತೆ ಅಲ್ಲ.

ಹಿರಿಯವನು ಒಳಗೆ ಹೋದನೋ ಇಲ್ಲವೋ, ಲೂಕ ಹೇಳಿಲ್ಲ. "ಹೋಗಿರ್ತಾನಾ ಮೇಡಂ?" ಎಂದು ಲಿಲ್ಲಿ ಕೇಳಿದರು.

"ನೀವೇ ಅವನಾಗಿದ್ದರೆ?"

"ಮೊದಲು ಕೈಕಾಲು ತೊಳೀತೀನಿ. ಆಮೇಲೆ ನೋಡೋಣ."