ದತ್ತು: ಸರದಿ ನಮ್ಮ ಕೈಲಿಲ್ಲ, ಫೈಲು ನಮ್ಮ ಕೈಲಿದೆ

ಪ್ರಶ್ನೆ: ನನಗೆ 46, ನನ್ನ ಹೆಂಡತಿಗೆ 43. ಮಕ್ಕಳಿಲ್ಲ. ಆರು ತಿಂಗಳೊಳಗಿನ ಕೂಸೇ ಬೇಕೆಂದು ಮನೆಯಲ್ಲಿ ಹಟ. ಎಲ್ಲಿಂದ ಶುರು ಮಾಡಬೇಕು?
— ಓದುಗರೊಬ್ಬರು, ಹಾಸನ

ಮೊದಲು ಒಂದು ಕೂಡುವ ಲೆಕ್ಕ ಮಾಡಿಬಿಡಿ. 2022ರ ದತ್ತು ನಿಯಮಗಳ ಪ್ರಕಾರ ಎರಡು ವರ್ಷದೊಳಗಿನ ಮಗು ಬೇಕಾದರೆ ಗಂಡ ಹೆಂಡತಿಯ ವಯಸ್ಸು ಸೇರಿ 85 ದಾಟಬಾರದು. ಎರಡರಿಂದ ನಾಲ್ಕು ವರ್ಷದ ಮಗುವಿಗೆ 90, ನಾಲ್ಕರಿಂದ ಎಂಟಕ್ಕೆ 100, ಅದರ ಮೇಲಿನವರಿಗೆ 110. ನಿಮ್ಮಿಬ್ಬರದು 89. ಅಂದರೆ ಕೂಸಿನ ಆಸೆ ಬಿಡಬೇಕು, ಎರಡು ದಾಟಿದ ಮಗುವಿಗೆ ದಾರಿ ಇದೆ. ಮುಂದಿನ ವರ್ಷ ಇಬ್ಬರಿಗೂ ಒಂದೊಂದು ಸೇರಿ 91 ಆದರೆ ಆ ದಾರಿಯೂ ಮುಚ್ಚುತ್ತದೆ. ಹಾಗಾಗಿ ಮನೆಯವರ ಹಟ ಇಳಿಯುವವರೆಗೆ ಕಾಯಬೇಡಿ, ಈ ತಿಂಗಳೇ ನೋಂದಾಯಿಸಿ.

ನೋಂದಣಿ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ (ಕಾರಾ) ಪೋರ್ಟಲ್‌ನಲ್ಲಿ ಮಾತ್ರ. ಕಂಪ್ಯೂಟರ್ ಗೊತ್ತಿಲ್ಲದಿದ್ದರೆ ನಿಮ್ಮ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಕೇಳಿ. ಬೇಕಾಗುವುದು: ಇಬ್ಬರೂ ಇರುವ ಫೋಟೊ, ಪ್ಯಾನ್, ಜನ್ಮದಿನಾಂಕದ ದಾಖಲೆ, ವಿಳಾಸದ ದಾಖಲೆ, ವರಮಾನದ ದಾಖಲೆ, ವಿವಾಹ ನೋಂದಣಿ ಪತ್ರ, ಜೊತೆಗೆ ದೀರ್ಘಕಾಲದ, ಅಂಟುವ ಅಥವಾ ಪ್ರಾಣಾಪಾಯದ ಕಾಯಿಲೆ ಇಲ್ಲವೆಂದು ವೈದ್ಯರು ಕೊಟ್ಟ ಪ್ರಮಾಣಪತ್ರ.

ಫೈಲು ಸಿಕ್ಕಿಹಾಕಿಕೊಳ್ಳುವುದು ದೊಡ್ಡ ವಿಷಯಕ್ಕಲ್ಲ. ಆಧಾರ್‌ನಲ್ಲಿ ‘ಮಂಜುಳಮ್ಮ’, ಮದುವೆ ಪತ್ರದಲ್ಲಿ ‘ಮಂಜುಳಾ’ ಎಂದಿರುತ್ತದೆ. ಊರ ದೇವಸ್ಥಾನದಲ್ಲಿ ತಾಳಿ ಕಟ್ಟಿ ಇಪ್ಪತ್ತು ವರ್ಷವಾಗಿರುತ್ತದೆ, ಮದುವೆ ನೋಂದಣಿಯೇ ಆಗಿರುವುದಿಲ್ಲ. ಸಂಬಳದ ಚೀಟಿ ಇಲ್ಲದ ರೈತರು ನಾಡಕಚೇರಿಯಿಂದ ವರಮಾನ ಪತ್ರ ತರಬೇಕು. ಇವನ್ನೆಲ್ಲ ಮೊದಲೇ ಸರಿಮಾಡಿಕೊಂಡು ಪೋರ್ಟಲ್ ತೆರೆಯಿರಿ.

ಆಮೇಲೆ ಸಮಾಜ ಕಾರ್ಯಕರ್ತರು ಮನೆಗೆ ಬರುತ್ತಾರೆ. ಬೀರು, ಟಿವಿ ನೋಡಲು ಬರುವುದಲ್ಲ. ಇಬ್ಬರಿಗೂ ನಿಜಕ್ಕೂ ಮನಸ್ಸಿದೆಯೇ, ಹಿರಿಯರು ಒಪ್ಪಿದ್ದಾರೆಯೇ, ಹಗಲು ಮಗು ಯಾರ ಬಳಿ ಇರುತ್ತದೆ ಎಂದು ತಿಳಿಯಲು. ಅತ್ತೆಯ ಅಸಮಾಧಾನ ಮುಚ್ಚಿಡಬೇಡಿ, ಇದ್ದದ್ದು ಇದ್ದಂತೆ ಹೇಳಿದರೆ ಅದು ನಿಮಗೇ ಒಳ್ಳೆಯದು. ಈ ಗೃಹ ಅಧ್ಯಯನ ವರದಿಗೆ ಮೂರು ವರ್ಷ ಬೆಲೆ. ಸರದಿ ಬರಲು ಮೂರು ವರ್ಷಕ್ಕೂ ಹೆಚ್ಚು ಹಿಡಿಯುವುದು ಮಾಮೂಲು, ಆದ್ದರಿಂದ ಅವಧಿ ಮುಗಿಯುವ ಮೊದಲೇ ನವೀಕರಣಕ್ಕೆ ಕೇಳಿಕೊಳ್ಳಿ. ಸರದಿ ಇಷ್ಟು ಉದ್ದವೇಕೆ ಎಂದರೆ, 2024–25ರಲ್ಲಿ ಇಡೀ ದೇಶದಲ್ಲಿ ಕಾರಾ ಮೂಲಕ ದತ್ತು ಹೋದದ್ದು 4,515 ಮಕ್ಕಳು, ಕಾಯುತ್ತಿರುವ ದಂಪತಿಗಳು ಅದರ ಹಲವು ಪಟ್ಟು.

ಪ್ರಶ್ನೆ: ನಮ್ಮ ಸರದಿ ಹತ್ತಿರ ಬಂದಿದೆ. ಮಗುವಿನ ವಿವರ ಬಂದ ಮೇಲೆ 48 ಗಂಟೆಯಲ್ಲಿ ತೀರ್ಮಾನಿಸಬೇಕಂತೆ. ಏನು ನೋಡಬೇಕು?
— ಓದುಗರೊಬ್ಬರು, ಶಿವಮೊಗ್ಗ

48 ಗಂಟೆ ನಿಜ. ಮೊಬೈಲ್ ನಂಬರು ಬದಲಾಯಿಸಿ ಪೋರ್ಟಲ್‌ನಲ್ಲಿ ತಿದ್ದದವರು ಇಲ್ಲೇ ಎಡವುವುದು. ಒಟ್ಟು ಮೂರು ಬಾರಿ ಅವಕಾಶ, ಮೂರನ್ನೂ ಬಿಟ್ಟರೆ ಸರದಿ ಹೋಯಿತು.

ಫೋಟೊ ಆಮೇಲೆ ನೋಡಿ, ವೈದ್ಯಕೀಯ ವರದಿ ಮೊದಲು. ಅದನ್ನು ಓದಿ ಹೇಳುವ ಮಕ್ಕಳ ವೈದ್ಯರನ್ನು ಈಗಲೇ ಮಾತಾಡಿಸಿ ಇಟ್ಟುಕೊಳ್ಳಿ. ತೂಕ ಒಂದು ದಿನದ್ದು ಸಾಲದು, ತಿಂಗಳು ತಿಂಗಳಿಗೆ ಏರುತ್ತಿದೆಯೇ ಎಂಬುದು ಮುಖ್ಯ. ತಲೆಯ ಸುತ್ತಳತೆಯೂ ಹಾಗೇ. ಹೆಪಟೈಟಿಸ್ ಬಿ, ಎಚ್‌ಐವಿ ಪರೀಕ್ಷೆ ಆಗಿದೆಯೇ ನೋಡಿ. ಒಂದೂವರೆ ವರ್ಷದೊಳಗಿನ ಮಗುವಿಗೆ ಎಚ್‌ಐವಿ ಆಂಟಿಬಾಡಿ ಪರೀಕ್ಷೆ ‘ಪಾಸಿಟಿವ್’ ಬಂದರೆ ಅದು ತಾಯಿಯಿಂದ ಬಂದ ಆಂಟಿಬಾಡಿಯೂ ಇರಬಹುದು. ವೈರಸ್ಸನ್ನೇ ಹುಡುಕುವ ಪಿಸಿಆರ್ ಪರೀಕ್ಷೆಯಾಗದೆ ಆ ಮಗುವಿಗೆ ಸೋಂಕಿದೆ ಎಂದು ಯಾರೂ ತೀರ್ಮಾನಿಸಬಾರದು. ಯಾರೋ ಬಿಟ್ಟುಹೋಗಿ ಸಿಕ್ಕಿದ ಮಗುವಾದರೆ ಜನ್ಮದಿನಾಂಕ ವೈದ್ಯರ ಅಂದಾಜು, ಹತ್ತು ದಿನ ಹಿಂದೆ ಮುಂದೆ ಆಗಿದ್ದರೆ ಗಾಬರಿ ಬೇಡ (ಜಾತಕ ಬರೆಸುವವರಿಗೆ ಮಾತ್ರ ಕಷ್ಟ). ‘ವಿಶೇಷ ಅಗತ್ಯದ ಮಗು’ ಎಂಬ ಪಟ್ಟಿಯಲ್ಲಿ ಶಸ್ತ್ರಚಿಕಿತ್ಸೆಯಿಂದ ಸರಿಹೋಗುವ ಸೀಳುತುಟಿಯಂಥವೂ ಇರುತ್ತವೆ. ಆ ಮಾತು ಕೇಳಿಯೇ ಹಿಂಜರಿಯಬೇಡಿ.

ಪೋರ್ಟಲ್‌ನಲ್ಲಿ ಮಗುವನ್ನು ಕಾಯ್ದಿರಿಸಿದ ಮೇಲೆ ದತ್ತು ಸಂಸ್ಥೆಗೆ ಹೋಗಿ ಮಗುವನ್ನು ಕಣ್ಣಾರೆ ನೋಡಿ. ಬೇಕಾದರೆ ನಿಮ್ಮ ವೈದ್ಯರಿಗೂ ತೋರಿಸಬಹುದು. ಅಲ್ಲಿನ ಆಯಾ ಹತ್ತಿರ ಅರ್ಧ ಗಂಟೆ ಕೂತು ಕೇಳಿ: ಯಾವ ಹಾಲಿನ ಪುಡಿ, ಎಷ್ಟು ಗಂಟೆಗೊಮ್ಮೆ, ಯಾವ ಬಾಟಲಿ, ಹೇಗೆ ಮಲಗಿಸುತ್ತಾರೆ. ಅದೇ ಪುಡಿ, ಅದೇ ಹೊತ್ತು ಒಂದೆರಡು ವಾರ ಮುಂದುವರಿಸಿ, ಮನೆಗೆ ತಂದ ದಿನವೇ ಹಸುವಿನ ಹಾಲು, ರಾಗಿ ಸರಿ ಎಂದು ಬದಲಿಸಿದರೆ ಮೂರನೇ ದಿನ ಭೇದಿ ಗ್ಯಾರಂಟಿ. ಮಗು ಹೊದ್ದ ಬಟ್ಟೆ ಕೊಡುತ್ತಾರಾದರೆ ತೊಳೆಯದೆ ತನ್ನಿ, ಆ ವಾಸನೆ ಅದಕ್ಕೆ ಗೊತ್ತು. ಮೊದಲ ತಿಂಗಳು ಎತ್ತುವುದು, ಉಣಿಸುವುದು ನೀವಿಬ್ಬರೇ ಆಗಿರಲಿ, ನೆಂಟರ ಸಾಲು ಆಮೇಲೆ.

ಮಗುವನ್ನು ನೋಡಿ ಅಂತಿಮ ಒಪ್ಪಿಗೆಯಾದ ಹತ್ತು ದಿನದೊಳಗೆ ದತ್ತುಪೂರ್ವ ಪೋಷಣೆಯಲ್ಲಿ ಮಗು ಮನೆಗೆ ಬರುತ್ತದೆ. ದತ್ತು ಆದೇಶ ಕೊಡುವುದು ಈಗ ನ್ಯಾಯಾಲಯವಲ್ಲ, 2022ರ ಸೆಪ್ಟೆಂಬರ್ 1ರಿಂದ ಜಿಲ್ಲಾಧಿಕಾರಿ. ಅರ್ಜಿ ಹೋದ ಎರಡು ತಿಂಗಳೊಳಗೆ ಆದೇಶವಾಗಬೇಕು. ನಂತರ ನಿಮ್ಮ ಹೆಸರಿರುವ ಜನನ ಪತ್ರ. ಎರಡು ವರ್ಷ, ಆರು ತಿಂಗಳಿಗೊಮ್ಮೆ ಬಂದು ನೋಡಿ ಹೋಗುತ್ತಾರೆ. ಹಣ ಕಟ್ಟುವುದು ನಿಗದಿತ ದರಪಟ್ಟಿಯಷ್ಟೇ, ರಸೀದಿ ಸಮೇತ. ‘ದೇಣಿಗೆ’ ಎಂದು ಯಾರಾದರೂ ಕೇಳಿದರೆ ಕೊಡಬೇಡಿ.

ಪ್ರಶ್ನೆ: ಪೋಷಕತ್ವದಲ್ಲಿ (ಫಾಸ್ಟರ್ ಕೇರ್) ಮಗು ತಂದು ಸಾಕಿದರೆ ಅದೇ ಮಗುವನ್ನು ದತ್ತು ಪಡೆಯಬಹುದೇ? ನಾನು ಅವಿವಾಹಿತೆ, 38.
— ಓದುಗರೊಬ್ಬರು, ಧಾರವಾಡ

ಪಡೆಯಬಹುದು. ಕೇಂದ್ರದ 2024ರ ಮಾರ್ಗಸೂಚಿ ನಿಮ್ಮಂಥ ಒಂಟಿ ವ್ಯಕ್ತಿಗಳಿಗೂ ಬಾಗಿಲು ತೆರೆದಿದೆ, ಮೊದಲು ಐದು ವರ್ಷ ಇದ್ದ ಕಾಯುವ ಅವಧಿ ಎರಡು ವರ್ಷವಾಗಿದೆ. ಆದರೆ ಇದು ಸರದಿ ತಪ್ಪಿಸುವ ಒಳದಾರಿ ಎಂದು ಯಾರಾದರೂ ಹೇಳಿದ್ದರೆ ನಂಬಬೇಡಿ. ಪೋಷಕತ್ವಕ್ಕೆ ಬರುವವರು ಆರು ದಾಟಿದ ಮಕ್ಕಳು, ಹೆತ್ತವರು ಬದುಕಿದ್ದು ಸಾಕಲಾಗದ ಸ್ಥಿತಿಯಲ್ಲಿರಬಹುದು. ಮನೆಯ ಪರಿಸ್ಥಿತಿ ಸುಧಾರಿಸಿದರೆ ಮಗು ಅಲ್ಲಿಗೇ ಮರಳಬಹುದು, ನೀವು ತಡೆಯಲಾಗದು. ಮಕ್ಕಳ ಕಲ್ಯಾಣ ಸಮಿತಿ ಆ ಮಗು ದತ್ತಿಗೆ ಮುಕ್ತವೆಂದು ಘೋಷಿಸದೆ ಎರಡು ವರ್ಷವಲ್ಲ, ಹತ್ತು ವರ್ಷ ಸಾಕಿದರೂ ದತ್ತು ಆಗದು. ಸಮಿತಿ ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ತಿಂಗಳಿಗೆ 4,000 ರೂಪಾಯಿ ನೆರವಿದೆ, ಅದನ್ನೇ ನಂಬಿ ಯಾರೂ ಮುಂದಾಗಬಾರದು. ಆರು ವರ್ಷದ ಮಗು ರೊಟ್ಟಿ ತುಂಡನ್ನು ದಿಂಬಿನ ಕೆಳಗೆ ಬಚ್ಚಿಟ್ಟರೆ ಗದರಬೇಡಿ. ಕೈಗೆಟುಕುವ ಡಬ್ಬಿಯಲ್ಲಿ ಯಾವಾಗಲೂ ತಿನ್ನಲು ಏನಾದರೂ ಇಡಿ.

ಪ್ರಶ್ನೆ: ಪರಿಚಯದ ನರ್ಸ್ ಒಬ್ಬರು, ಹೆರಿಗೆಯಾದ ಕೂಡಲೇ ಕೂಸನ್ನು ನೇರ ಕೊಡಿಸುತ್ತೇನೆ, ಆಸ್ಪತ್ರೆ ಖರ್ಚು ಕೊಟ್ಟರೆ ಸಾಕು ಎನ್ನುತ್ತಾರೆ. ಛಾಪಾ ಕಾಗದದಲ್ಲಿ ಬರೆಸಿಕೊಂಡರೆ ಆಗದೇ?
— ಓದುಗರೊಬ್ಬರು, ದಾವಣಗೆರೆ

ಆಗದು. ಬಾಲನ್ಯಾಯ ಕಾಯ್ದೆಯಲ್ಲಿ ಮಗುವನ್ನು ಕೊಂಡರೂ ಮಾರಿದರೂ ಐದು ವರ್ಷದವರೆಗೆ ಕಠಿಣ ಸಜೆ ಮತ್ತು ಒಂದು ಲಕ್ಷ ದಂಡ. ಆಸ್ಪತ್ರೆಯವರಾದರೆ ಮೂರರಿಂದ ಏಳು ವರ್ಷ. ಛಾಪಾ ಕಾಗದ ನಿಮ್ಮ ವಿರುದ್ಧದ ಸಾಕ್ಷಿಯಾಗುತ್ತದೆಯೇ ಹೊರತು ರಕ್ಷಣೆಯಲ್ಲ. ಶಾಲೆ, ಪಾಸ್‌ಪೋರ್ಟ್ ಎಂದಾಗ ಗುಟ್ಟು ಬಯಲಾದರೆ, ಮಗು ನಿಮ್ಮನ್ನು ಅಪ್ಪ ಅಮ್ಮ ಎಂದು ಕರೆಯುವ ವಯಸ್ಸಿನಲ್ಲಿ ನಿಮ್ಮಿಂದ ದೂರವಾಗಬೇಕಾದೀತು.

ಆ ತಾಯಿಗೆ ನಿಜಕ್ಕೂ ಸಾಕಲು ಆಗದಿದ್ದರೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಒಪ್ಪಿಸಬಹುದು. ಮನಸ್ಸು ಬದಲಾದರೆ ಹಿಂದೆ ಪಡೆಯಲು ಅವರಿಗೆ ಎರಡು ತಿಂಗಳಿದೆ. ದಾರಿ ತಿಳಿಯದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲು ಹೇಳಿ.