ನೆರೆ ಬರುವ ಮೊದಲೇ ಊರುಗಳು ಹೇಗೆ ಕೈಜೋಡಿಸುತ್ತವೆ? ಹಾಸನದ ಕಡೆಗೆ ಅದರಿಂದ ಉಪಯೋಗ ಇದೆಯಾ?

ಇದೆ. ಒಂದು ಊರು ಪೆಟ್ಟು ತಿಂದು ಕಲಿತದ್ದು ಇನ್ನೊಂದಕ್ಕೆ ಪುಕ್ಕಟೆ ಸಿಗುತ್ತದಲ್ವಾ!

2006ರಲ್ಲಿ ಗುಜರಾತಿನ ಉಕೈ ಡ್ಯಾಮ್‌ನಿಂದ ಬಿಟ್ಟ ತಾಪಿ ನದಿಯ ನೀರು ಸೂರತ್‌ನ ಬಹುಭಾಗ ಮುಳುಗಿಸಿತು. ಆಮೇಲೆ ಸೂರತ್, ಇಂದೋರ್, ಗೋರಖ್‌ಪುರ, ವಿಯೆಟ್ನಾಂನ ಡಾ ನಾಂಗ್ ಎಲ್ಲ ಹವಾಮಾನ ಬದಲಾವಣೆಗೆ ಸಜ್ಜಾಗುವ ಏಷ್ಯಾ ನಗರಗಳ ಒಂದೇ ಜಾಲಕ್ಕೆ ಸೇರಿದವು. ದುಡ್ಡು ಕೊಟ್ಟದ್ದು ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನ. ಸೂರತ್ ಮಾಡಿಕೊಂಡದ್ದು ಮುನ್ಸೂಚನೆ ವ್ಯವಸ್ಥೆ: ಮೇಲಿನ ಮಳೆ, ಡ್ಯಾಮ್ ಒಳಹರಿವಿನ ಲೆಕ್ಕ ನೋಡಿ ತಗ್ಗಿನ ಬಡಾವಣೆಗಳಿಗೆ ಮೊದಲೇ ಸುದ್ದಿ ಮುಟ್ಟಿಸುವುದು.

ನಮಗೆ ಅಷ್ಟು ದೂರದ ಜಾಲಕ್ಕಿಂತ ಪಕ್ಕದ ಜಿಲ್ಲೆಯೇ ಮುಖ್ಯ. ಹೇಮಾವತಿ ಹುಟ್ಟುವುದು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನಲ್ಲಿ. ಅಲ್ಲಿ ಮಳೆ ಜಾಸ್ತಿ ಹೊಡೆದರೆ ಸಕಲೇಶಪುರದ ಹೊಳೆಮಲ್ಲೇಶ್ವರ ದೇವಸ್ಥಾನಕ್ಕೆ ನೀರು ನುಗ್ಗುತ್ತದೆ, ಕೆಳಗೆ ಗೊರೂರು ಡ್ಯಾಮ್ ತುಂಬುತ್ತದೆ. ಮೂಡಿಗೆರೆಯ ಮಳೆ ಲೆಕ್ಕ ಸಕಲೇಶಪುರ ಪುರಸಭೆಗೆ ಗಂಟೆಗೊಮ್ಮೆ ಬಂದರೆ ಅರ್ಧ ಕೆಲಸ ಮುಗಿದ ಹಾಗೆ. ಅದಕ್ಕೆ ಒಂದು ವಾಟ್ಸಾಪ್ ಗುಂಪು ಸಾಕು, ದೊಡ್ಡ ಯೋಜನೆ ಬೇಕಿಲ್ಲ.

ತೊಡಕು ಬೇರೆ ಕಡೆ ಇದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ ಚುಕ್ಕಾಣಿ ಇರುವುದು ಜಿಲ್ಲಾ ಪ್ರಾಧಿಕಾರದ ಕೈಯಲ್ಲಿ, ಅದಕ್ಕೆ ಡಿಸಿಯೇ ಅಧ್ಯಕ್ಷರು. ಪುರಸಭೆಗಳು ತಾವೇ ಮಾತಾಡಿಕೊಂಡರೆ ಸಾಲದು, ಎರಡೂ ಜಿಲ್ಲೆಯ ಡಿಸಿಗಳು ಕೂತು ಒಪ್ಪಬೇಕು.