ಪಾರ್ಕಿಂಗ್ ಹುದ್ದೆಗೆ ದುಬೈಗೆ ಬರುವ ಮೊದಲು

ಮಂಗಳೂರಿನ ಮಾಲ್ ಒಂದರ ಪಾರ್ಕಿಂಗ್ ಎಂಟು ವರ್ಷ ನೋಡಿಕೊಂಡಿದ್ದೀರಿ. ಈಗ ದುಬೈ, ಶಾರ್ಜಾ ಸೇರಿ ಹದಿನಾಲ್ಕು ಜಾಗಗಳ ಪ್ರಾದೇಶಿಕ ಮುಖ್ಯಸ್ಥರ ಹುದ್ದೆ ಬಂದಿದೆ, ಕೆಲಸ ಹೇಗೆ, ಜೀವನ ಹೇಗೆ ಎಂದು ಕೇಳಿದ್ದೀರಿ. ಕೆಲಸದ್ದೇ ಮೊದಲು ಹೇಳುತ್ತೇನೆ, ಊರಿನಿಂದ ಬಂದವರು ಎಡವುವುದು ಅಲ್ಲೇ.

ಇಷ್ಟು ದಿನ ನಿಮ್ಮ ಕಣ್ಣು ಗಾಡಿಗಳ ಮೇಲಿತ್ತು. ಇನ್ನು ಒಪ್ಪಂದಗಳ ಮೇಲಿರಬೇಕು. ಕೆಲವು ಕಡೆ ಕಟ್ಟಡದ ಮಾಲೀಕರೇ ಖರ್ಚು ಭರಿಸಿ ಕಂಪನಿಗೆ ನಿರ್ವಹಣಾ ಶುಲ್ಕ ಕೊಡುತ್ತಾರೆ. ಕೆಲವು ಕಡೆ ಕಂಪನಿ ನಿಗದಿತ ಬಾಡಿಗೆ ಕಟ್ಟಿ ಉಳಿದದ್ದನ್ನು ಇಟ್ಟುಕೊಳ್ಳುತ್ತದೆ. ಇನ್ನು ಕೆಲವು ಕಡೆ ಆದಾಯದಲ್ಲಿ ಪಾಲು. ಗ್ರಾಹಕರ ಗಾಡಿಯನ್ನು ತಾನೇ ನಿಲ್ಲಿಸಿ ತಂದುಕೊಡುವ ವ್ಯಾಲೆಟ್ ಚಾಲಕನನ್ನು ಒಬ್ಬನನ್ನು ಹೆಚ್ಚಿಗೆ ಹಾಕಿದರೆ ಮೊದಲನೆಯ ಬಗೆಯಲ್ಲಿ ಸಂಬಳ ಮಾಲೀಕರದ್ದು, ಎರಡನೆಯದರಲ್ಲಿ ನಿಮ್ಮ ಲಾಭದಿಂದಲೇ ಹೋಗುತ್ತದೆ. ಮೊದಲ ವಾರವೇ ಹದಿನಾಲ್ಕೂ ಜಾಗದ ಒಪ್ಪಂದ ಓದಿ ಒಂದು ಹಾಳೆಯಲ್ಲಿ ಬರೆದಿಡಿ: ಯಾವ ಬಗೆ, ಎಂದು ಮುಗಿಯುತ್ತದೆ, ದಂಡ ಯಾವುದಕ್ಕೆ, ಯಂತ್ರಗಳು ಯಾರವು. ಈ ಕೊನೆಯದ್ದು ಬರೆಯದೆ ಬಿಟ್ಟರೆ ಬ್ಯಾರಿಯರ್ ಕೆಟ್ಟ ದಿನ ರಿಪೇರಿ ಯಾರು ಮಾಡಿಸಬೇಕೆಂಬ ಜಗಳದಲ್ಲೇ ವಾರ ಕಳೆಯುತ್ತದೆ, ಅಷ್ಟೂ ದಿನ ಗೇಟು ತೆರೆದೇ ಇರುತ್ತದೆ.

ಹಣ ಸೋರುವುದು ಗೇಟಿನಲ್ಲಿ. ಪ್ರತಿ ಜಾಗದಿಂದ ದಿನಾ ಮೂರು ಲೆಕ್ಕ ತರಿಸಿ: ಒಳಬಂದ ಗಾಡಿ, ಹೊರಹೋದ ಗಾಡಿ, ಬ್ಯಾಂಕಿಗೆ ಬಿದ್ದ ಹಣ. ಬೆಳಿಗ್ಗೆ ಖಾಲಿ ಇದ್ದ ಜಾಗಕ್ಕೆ 1,000 ಬಂದು 985 ಹೋದರೆ ಒಳಗೆ 15 ಇರಲೇಬೇಕು, ರಾತ್ರಿ ಒಬ್ಬರು ನಡೆದು ಎಣಿಸಲಿ. ಹೊರಹೋದ 985ರಲ್ಲಿ ಹಣ ಕೊಟ್ಟವರೆಷ್ಟು, ಪಾಸಿನವರೆಷ್ಟು, ಅಂಗಡಿಯ ಮೊಹರಿನಿಂದ ಉಚಿತ ಹೋದವರೆಷ್ಟು, ಕೈಯಿಂದ ಗೇಟು ಎತ್ತಿದ್ದೆಷ್ಟು ಎಂದು ಬೇರೆ ಬೇರೆ ಇರಬೇಕು. ಕೈಯಿಂದ ಎತ್ತಿದ್ದೂ 'ಟಿಕೆಟ್ ಕಳೆದಿದೆ' ಎಂಬುದೂ ಒಂದೇ ಪಾಳಿಯಲ್ಲಿ ಹೆಚ್ಚುತ್ತಿದ್ದರೆ ಆ ಪಾಳಿಯ ಕ್ಯಾಮೆರಾ ದೃಶ್ಯ ನೋಡಿ. ಕಟ್ಟಡ ಬಿಟ್ಟುಹೋದ ಬಾಡಿಗೆದಾರರ ಪಾಸು ರದ್ದಾಗದೆ ಉಳಿದಿರುವುದು ಇನ್ನೊಂದು ದೊಡ್ಡ ತೂತು, ತಿಂಗಳಿಗೊಮ್ಮೆ ಪಟ್ಟಿ ತಾಳೆ ನೋಡಿಸಿ.

ನಂಬರ್ ಪ್ಲೇಟ್ ಓದುವ ಕ್ಯಾಮೆರಾ ಎಲ್ಲಿ ತಪ್ಪುತ್ತದೆ ಎಂದು ತಿಳಿದಿರಿ. ಕೆಎ 19 ಮತ್ತು ಕೆಎ 20 ಎರಡರಲ್ಲೂ ಕೊನೆಯ ಅಂಕಿಗಳು ಒಂದೇ ಇರಬಹುದು, ಮುಂದಿನ ಭಾಗ ಓದದಿದ್ದರೆ ಮಂಗಳೂರು ಗಾಡಿ, ಉಡುಪಿ ಗಾಡಿ ಎರಡೂ ಒಂದೇ ಆಗಿಬಿಡುತ್ತವೆ, ಅಲ್ವಾ? ಇಲ್ಲಿಯೂ ಹಾಗೆಯೇ, ಅಂಕಿಯ ಜೊತೆಗೆ ಎಮಿರೇಟ್ (ದುಬೈ, ಶಾರ್ಜಾದಂಥ ಯುಎಇಯ ಒಂದು ಸಂಸ್ಥಾನ) ಮತ್ತು ಪ್ಲೇಟಿನ ಕೋಡ್ ಸೇರಿದರೆ ಮಾತ್ರ ಗಾಡಿ ಗುರುತಾಗುತ್ತದೆ. ವ್ಯವಸ್ಥೆ ಅಂಕಿಯನ್ನಷ್ಟೇ ಹಿಡಿದರೆ ಒಬ್ಬರ ಶುಲ್ಕ ಮತ್ತೊಬ್ಬರ ತಲೆಗೆ ಬೀಳುತ್ತದೆ. ಯಂತ್ರ ಒಪ್ಪಿಸಿಕೊಳ್ಳುವಾಗ ಬೇರೆ ಬೇರೆ ಎಮಿರೇಟಿನ ಪ್ಲೇಟುಗಳನ್ನು ಹಗಲೂ ರಾತ್ರಿಯೂ ಓಡಿಸಿ ನೋಡಿಯೇ ಸಹಿ ಹಾಕಿ.

ನಿರ್ಗಮನದ ಲೆಕ್ಕವನ್ನು ಮೊದಲೇ ಕಾಗದದಲ್ಲಿ ಮಾಡಿ. ಒಂದು ಗಾಡಿಗೆ 20 ಸೆಕೆಂಡ್ ಹಿಡಿದರೆ ಒಂದು ಲೇನಿನಲ್ಲಿ ಗಂಟೆಗೆ 180 ಗಾಡಿ. ಕಾರ್ಯಕ್ರಮ ಮುಗಿದು 540 ಗಾಡಿ ಒಟ್ಟಿಗೆ ಹೊರಟರೆ ಮೂರು ಲೇನಿದ್ದೂ ಒಂದು ಗಂಟೆ. ಉಡುಪಿಯಲ್ಲಿ ಪರ್ಯಾಯದ ರಾತ್ರಿ ಪಾರ್ಕಿಂಗ್ ಮೈದಾನಗಳಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದುಬೈ ಮಾಲ್‌ನಲ್ಲಿ 2024ರ ಜುಲೈ 1ರಿಂದ ದುಬೈನ ರಸ್ತೆ ಟೋಲ್ ವ್ಯವಸ್ಥೆಯಾದ ಸಾಲಿಕ್ ಮೂಲಕ ಬ್ಯಾರಿಯರ್ ಇಲ್ಲದೆ ಶುಲ್ಕ ಕತ್ತರಿಸುತ್ತಿದ್ದಾರೆ. ಗ್ರಾಹಕರು ಅದಕ್ಕೆ ಒಗ್ಗಿದ್ದಾರೆ, ನಿಮ್ಮ ಗೇಟಿನ ಸಾಲನ್ನು ಅದಕ್ಕೇ ಹೋಲಿಸುತ್ತಾರೆ.

ಬಿಸಿಲಿನ ನಿಯಮ ಗಟ್ಟಿ. ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12.30ರಿಂದ 3ರವರೆಗೆ ನೇರ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ, ತಪ್ಪಿದರೆ ಒಬ್ಬ ಕಾರ್ಮಿಕನಿಗೆ 5,000 ದಿರ್ಹಮ್ ದಂಡ. ಆದ್ದರಿಂದ ತೆರೆದ ಮೈದಾನದ ಪಾಳಿ ಬೆಳಗಿಗೂ ಸಂಜೆಗೂ ಒಡೆಯಬೇಕು, ನಡುವೆ ಹುಡುಗರಿಗೆ ತಣ್ಣಗೆ ಕೂರುವ ಜಾಗ ಬೇಕು. ದಂಡ ಇಲ್ಲದಿದ್ದರೂ ಇದನ್ನು ಮಾಡಲೇಬೇಕು. ನಮ್ಮ ಊರಿನ ಹುಡುಗರೂ ಆ ಸಮವಸ್ತ್ರ ಹಾಕಿ ನಿಂತಿರುತ್ತಾರೆ.

ಈಗ ನಿಮ್ಮ ಆಫರ್ ಪತ್ರ. ಒಟ್ಟು ಮೊತ್ತ ನೋಡಿ ಮರುಳಾಗಬೇಡಿ, ಮೂಲ ವೇತನ ಎಷ್ಟು ಎಂದು ಕೇಳಿ. ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕೊಡುವ ಇಡಿಗಂಟು, ಸಿಗುವುದು ಮೂಲ ವೇತನದ ಮೇಲೆ: ಮೊದಲ ಐದು ವರ್ಷ ವರ್ಷಕ್ಕೆ 21 ದಿನದ್ದು, ಆಮೇಲೆ 30 ದಿನದ್ದು. ಒಟ್ಟು 30,000 ದಿರ್ಹಮ್ ಇಟ್ಟು ಮೂಲ 10,000 ಮಾತ್ರ ಎಂದರೆ ಹೊರಡುವ ದಿನ ಕೈಗೆ ಬರುವುದು ಸಣ್ಣದು. ಪರೀಕ್ಷಾ ಅವಧಿ ಆರು ತಿಂಗಳು ಮೀರುವಂತಿಲ್ಲ. ಹಿರಿಯ ಹುದ್ದೆಗೆ ಸ್ಪರ್ಧಿ ಕಂಪನಿ ಸೇರಬಾರದೆಂಬ ಷರತ್ತು ಬರುತ್ತದೆ. ಕಾನೂನು ಎರಡು ವರ್ಷದವರೆಗೆ ಬಿಡುತ್ತದೆ, ಅದನ್ನು ಒಂದು ವರ್ಷಕ್ಕೂ ಒಂದು ಎಮಿರೇಟಿಗೂ ಇಳಿಸಿಕೊಳ್ಳಿ. ಸಹಿ ಹಾಕುವ ಮೊದಲು ಇಳಿಸುವುದು ಸುಲಭ.

ಜೀವನ ಚೆನ್ನಾಗಿ ನಡೆಯುತ್ತದೆ. ದುಬೈನ ಕರಾಮ ಬಡಾವಣೆಯಲ್ಲಿ ಊರಿನ ಊಟಕ್ಕೆ ತೊಂದರೆ ಇಲ್ಲ, ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣಕ್ಕೆ ನೇರ ವಿಮಾನ ಉಂಟು. ಹೊರಡುವ ಮೊದಲು ಡಿಗ್ರಿ ಪತ್ರಕ್ಕೆ ರಾಜ್ಯದ ದೃಢೀಕರಣ, ವಿದೇಶಾಂಗ ಸಚಿವಾಲಯದ್ದು, ಯುಎಇ ರಾಯಭಾರ ಕಚೇರಿಯದ್ದು, ಈ ಮೂರೂ ಮಾಡಿಸಿ. ಹೆಸರಿನ ಇನಿಷಿಯಲ್ ಪಾಸ್‌ಪೋರ್ಟಿನಲ್ಲಿ ಬಿಡಿಸಿದಂತೆಯೇ ಡಿಗ್ರಿಯಲ್ಲೂ ಇದೆಯೇ ಎಂದು ಈಗಲೇ ನೋಡಿ. ರೆಸಿಡೆನ್ಸಿ (ಇಲ್ಲಿ ವಾಸಿಸುವ ವೀಸಾ) ಬಂದ ಮೇಲೆ ಊರಿನ ಲೈಸೆನ್ಸ್‌ನಲ್ಲಿ ಓಡಿಸುವಂತಿಲ್ಲ. ಇಲ್ಲಿನ ಲೈಸೆನ್ಸ್ ಆಗುವ ತನಕ ಜಾಗದಿಂದ ಜಾಗಕ್ಕೆ ಹೋಗಲು ಕಂಪನಿ ಚಾಲಕರನ್ನು ಕೊಡುತ್ತದೆಯೇ ಎಂದು ಪತ್ರದಲ್ಲೇ ಬರೆಸಿಕೊಳ್ಳಿ.